ಮಾತೆಗೆ ಬಣ್ಣ ಹಚ್ಚುವ ಸಿಪ್ರಿಯನ್, ಮಗಳಿಗೆ ಮಾಡದ ಫೋನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಡಂತ್ಯಾರು ಪೇಟೆ ಬದಿಯ ಶೆಡ್ಡಿನಲ್ಲಿ ಸಿಪ್ರಿಯನ್ ಪಿಂಟೊ ಬಾಲ ಮರಿಯಮ್ಮನ ಪ್ರತಿಮೆಯನ್ನು ಮಡಿಲಲ್ಲಿಟ್ಟುಕೊಂಡು ಕೆನ್ನೆಗೆ ಬಣ್ಣ ಹಚ್ಚುತ್ತಿದ್ದಾರೆ. ಮರಿಯಮ್ಮ ಮಾತೆಯ ಹುಟ್ಟುಹಬ್ಬವೂ ತೆನೆಹಬ್ಬವೂ ಆದ ಮೊಂತಿ ಹಬ್ಬ ಬಂದೇ ಬಿಟ್ಟಿತು. ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಎರಚುವ ಮಾತೆ ಮಾಸಿಕೊಂಡಿದ್ದರೆ ಆದೀತೇ? ಬಂಟ್ವಾಳ, ಬೆಳ್ತಂಗಡಿ ಕಡೆಯ ಮೂಗು ಹೋದ, ಬೆರಳು ಮುರಿದ ಸಂತರೆಲ್ಲ ಬರುವುದು ಈ ಶೆಡ್ಡಿಗೇ.

ಬಸ್ಸಿಗೆ ಬಣ್ಣ ಹೊಡೆಯುವ ಗ್ಯಾರೇಜಿನಲ್ಲಿ ಪಳಗಿದ ಕೈ ಇವರದು. ಮಳೆಗಾಲದಲ್ಲಿ ಬಣ್ಣ ಒಣಗುವುದೇ ಇಲ್ಲ, ಸಂತರ ಮುಂದೆ ಟೇಬಲ್ ಫ್ಯಾನ್ ಇಟ್ಟು ಕಾವಲು ಕೂರಬೇಕು. ಪೀಠದ ಮೇಲೆ ದಾನಿಯ ಹೆಸರು ಬರೆಯುವುದೂ ಇವರೇ. ಇವರ ಹೆಸರು ಎಲ್ಲೂ ಇಲ್ಲ.

“ಕಿವಿಯ ತೂತು ಬಣ್ಣದಲ್ಲಿ ಮುಚ್ಚಬೇಡಿ ಅಂತ ಹೇಳುವವರುಂಟು,” ಎಂದು ನಗುತ್ತಾರೆ. “ಪ್ರತಿಮೆಗೆ ಏನು ಕೇಳ್ತದೆ ಮಾರಾಯ್ರೆ? ಕೇಳುವವರು ಮೇಲಿದ್ದಾರೆ. ನೆರೆಯವರಲ್ಲಿ ನಮಗೋಸ್ಕರ ಪ್ರಾರ್ಥನೆ ಮಾಡಿ ಅನ್ನುವುದಿಲ್ವಾ? ಸಂತರಲ್ಲಿಯೂ ಹಾಗೆಯೇ.”

ಇದನ್ನು ಒಪ್ಪದವಳು ಸ್ವಂತ ಮಗಳು ಜೆಸ್ವಿಟಾ. ಮದುವೆಯಾಗಿ ಮೂಡುಬಿದಿರೆಗೆ ಹೋದವಳು ಅಲ್ಲಿ ಬೇರೊಂದು ಪ್ರಾರ್ಥನಾ ಸಭೆ ಸೇರಿದಳು. ತೀರಿಹೋದವರಿಗೆ ನಮ್ಮ ಮಾತು ಕೇಳುವುದಿಲ್ಲ, ಬೇಡುವುದಿದ್ದರೆ ನೇರ ಯೇಸುವಿನಲ್ಲಿ ಬೇಡಬೇಕು ಎಂಬುದು ಅವಳ ವಾದ. ಕಳೆದ ಹಬ್ಬದಂದು, ಚರ್ಚಿನಿಂದ ತಂದ ಹೊಸ ತೆನೆಯ ಪುಡಿ ಬೆರೆಸಿದ ಹಾಲು ಕುಡಿಯುವ ಮೊದಲು ಸಿಪ್ರಿಯನ್ ಮಾತೆಯ ಪ್ರಾರ್ಥನೆ ಶುರುಮಾಡಿದ್ದೇ ತಡ, ಲೋಟ ಕೆಳಗಿಟ್ಟು ಎದ್ದು ಹೋದಳು. ಮತ್ತೆ ಈ ಕಡೆ ತಲೆ ಹಾಕಿಲ್ಲ. ಆ ಲೋಟ ನೋಡಿ ಅತ್ತುಬಿಟ್ಟೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಅಂದಿನಿಂದ ಕುಂಚ ಹಿಡಿದಾಗಲೆಲ್ಲ ಮಾತೆಯಲ್ಲಿ ಒಂದೇ ಬೇಡಿಕೆ, ಮಗಳು ಹಬ್ಬದ ಊಟಕ್ಕೆ ಬರಲಿ. ಮೊನ್ನೆ ಚಹಾ ತಂದ ನೆರೆಮನೆಯ ಬೀಯಮ್ಮ, ಊರಲ್ಲಿ ಕ್ರೈಸ್ತರನ್ನು ಕರೆಯುವ ರೂಢಿಯಂತೆ ಕರೆದು, ಕೇಳಿಯೇ ಬಿಟ್ಟರು: “ಪೊರ್ಬುಗಳೇ, ಮಾತೆಯಲ್ಲಿ ಹೇಳಿದ್ದು ಸಾಕು. ಮಗಳಲ್ಲಿ ಹೇಳಿದ್ದೀರಾ?”

ಅಯ್ಯೋ ದೇವರೇ, ಹೇಳಿರಲೇ ಇಲ್ಲ! ಬಣ್ಣದ ಕೈಯಲ್ಲೇ ಫೋನ್ ಒತ್ತಿದರು.

“ನೀವು ಕರೆಯಲೇ ಇಲ್ಲವಲ್ಲ ಪಪ್ಪ,” ಅಂದಳು ಜೆಸ್ವಿಟಾ. “ಬರ್ತೇನೆ. ಆದರೆ ಮಾತೆಯ ಪ್ರಾರ್ಥನೆ ನಾನು ಹೇಳುವುದಿಲ್ಲ.”

“ಬೇಡ. ನೀನು ಬರುವ ಮೊದಲೇ ನಾನು ಹೇಳಿ ಮುಗಿಸ್ತೇನೆ. ನೀನು ಹಾಲು ಕುಡಿ, ಊಟ ಮಾಡು.”

ಹಾಗಾದರೆ ಅವಳನ್ನು ಬರುವಂತೆ ಮಾಡಿದ್ದು ಮಾತೆಯೋ, ಫೋನೋ? ಸಿಪ್ರಿಯನ್ ಕುಂಚ ತೊಳೆದು ಒರೆಸಿಡುತ್ತಾರೆ.

“ಅವಳಲ್ಲಿ ಕೇಳಿದರೆ ಫೋನು ಅಂತಾಳೆ. ಫೋನ್ ಮಾಡುವ ಬುದ್ಧಿ ನನಗೆ ಯಾರು ಕೊಟ್ಟದ್ದು ಅಂತ ನಾನು ಅವಳಲ್ಲಿ ಕೇಳಲಿಕ್ಕಿಲ್ಲ. ಮೊದಲು ಊಟ ಆಗಲಿ.”