ಮಿಠಾಯಿಯ ಗದ್ದದ ಗಂಟು

ಸಂಜೆ ನಾಲ್ಕು ನಲವತ್ತಕ್ಕೆ ಎಲ್ಲ ಹದಗೆಟ್ಟಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದು ಬೇಕರಿಯಿಂದಾಗಿ. ಆಗೆಲ್ಲ ನಮ್ಮ ಕಾಕ್ಸ್ ಟೌನ್ ಬೀದಿಯಲ್ಲಿ ಸಿಹಿ ಕಾಯಿತುರಿ ತುಂಬಿದ ದಿಲ್‌ಪಸಂದ್ ಒಲೆಯಿಂದ ಹೊರಬರುತ್ತಿದ್ದುದು ಆ ಹೊತ್ತಿಗೇ. ಆ ವಾಸನೆ ಬಂದೊಡನೆ ನಾನು ಮತ್ತು ಪಕ್ಕದ ಮನೆಯ ಸಲ್ಮಾ ಕುಂಟೆಬಿಲ್ಲೆ ಬಿಟ್ಟು, ಎರಡೂ ಮನೆಗಳ ನಡುವಿನ ಗೋಡೆಯ ಬಳಿಯಿದ್ದ ಗೂಡಿಗೆ ಓಡುತ್ತಿದ್ದೆವು. ಅದರೊಳಗೆ ನಮ್ಮಿಬ್ಬರ ಪಾಲಿನ ಒಂದೇ ಮೊಲ, ಮಿಠಾಯಿ. ನನಗಾಗ ಹತ್ತು ವರ್ಷ.

ಆ ದಿನ ಮಿಠಾಯಿ ಕೊತ್ತಂಬರಿಯನ್ನು ಒಂದೇ ಬದಿಯಲ್ಲಿ ಅಗಿಯಿತು. ಗದ್ದದ ಕೆಳಗೆ ನೆಲ್ಲಿಕಾಯಿಯಷ್ಟು ಗಂಟು. ಸಲ್ಮಾ ಮನೆಗೆ ಓಡಿಹೋಗಿ ಅಪ್ಪನನ್ನು ಕೇಳಿಕೊಂಡು ಬಂದಳು.

"ಅಬ್ಬಾ ನಾಳೆ ದನದ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಂತೆ. ಅಲ್ಲೀವರೆಗೂ ಮುಟ್ಬೇಡ ಕಣೇ."

ಅಷ್ಟರಲ್ಲಿ ನನ್ನ ಚಿಕ್ಕಪ್ಪ ಹೊರಗೆ ಬಂದ. ಮೆಡಿಕಲ್ ಶಾಪಿನಲ್ಲಿ ಎರಡು ವರ್ಷ ನಿಂತಿದ್ದಕ್ಕೆ ಬೀದಿಯವರು ಅವನನ್ನು ‘ಡಾಕ್ಟ್ರೇ’ ಎನ್ನುತ್ತಿದ್ದರು. ಮೊದಲು ತಮಾಷೆಗೆ, ಆಮೇಲೆ ಅವನೇ ನಂಬಿಬಿಟ್ಟ. ಯಾರದೋ ಜ್ವರಕ್ಕೆ ತಂದು ಉಳಿದ ಸಿರಪ್ಪುಗಳೆಲ್ಲ ನಮ್ಮ ಫ್ರಿಜ್ಜಿನ ಬಾಗಿಲಲ್ಲಿ, ಮೊಟ್ಟೆಗಳ ಪಕ್ಕ, ಮುಂದಿನ ರೋಗಿಗಾಗಿ ಕಾಯುತ್ತಿದ್ದವು.

"ಕುರು ತಾನೇ? ಮೊಲಕ್ಕೆ ಆಟೋ ಬೇರೆ ಕೇಡು! ನೀನು ಗಟ್ಟಿಯಾಗಿ ಹಿಡ್ಕೋ."

"ಬೇಡ ಅಂಕಲ್. ಅಬ್ಬಾ ಬೈತಾರೆ."

"ನಿಮ್ಮಪ್ಪ ಡಾಕ್ಟ್ರಾ?"

"ನೀವೂ ಅಲ್ವಲ್ಲಾ," ಎಂದಳು ಸಲ್ಮಾ.

ಅವಳನ್ನು ಮನೆಗೆ ಅಟ್ಟಿದ. ನಾನು ಹಿಡಿದುಕೊಂಡೆ. ಎರಡೂ ಹೆಬ್ಬೆರಳಿನಿಂದ ಹಿಂಡಿದ. ಕೀವು ಹರಿಯಲಿಲ್ಲ, ಟೂತ್‌ಪೇಸ್ಟಿನ ಹಾಗೆ ಗಟ್ಟಿಯಾಗಿ ಒಂದಿಷ್ಟು ಬಂದು ನಿಂತಿತು. ಮಿಠಾಯಿ ಕೂಗಲಿಲ್ಲ, ಹಲ್ಲು ಕಡಿಯಿತು. ಆ ಕರಕರ ಸದ್ದು ಈಗಲೂ ನನ್ನ ಅಂಗೈಯಲ್ಲಿದೆ. ಆಮೇಲೆ ನನ್ನ ಕಿವಿನೋವಿಗೆ ತಂದಿದ್ದ ಗುಲಾಬಿ ಬಣ್ಣದ ಸಿರಪ್ಪನ್ನು ಇಂಕ್ ಫಿಲ್ಲರಿನಿಂದ ಬಾಯಿಗೆ ಬಿಟ್ಟ.

ಮರುದಿನ ಸಲ್ಮಾಳ ಅಪ್ಪ ಬುಟ್ಟಿ ಹಿಡಿದು ಗೇಟಿಗೇ ಬಂದರು.

"ವಾಸಿ ಆಗ್ತಿದೆ ಭಾಯ್. ಕೋರ್ಸ್ ಮುಗೀಲಿ," ಎಂದ ಚಿಕ್ಕಪ್ಪ. ಆ ಸಾಧು ಮನುಷ್ಯ ನಂಬಿ ಹಿಂದಿರುಗಿದರು.

ಮೂರು ದಿನ ಬೆಳಿಗ್ಗೆ, ಸಂಜೆ ನಾನೇ ಹಿಡಿದೆ. ಮೂರನೆಯ ದಿನ ಮಿಠಾಯಿ ಏನನ್ನೂ ತಿನ್ನಲಿಲ್ಲ, ಭೇದಿ ಶುರುವಾಯಿತು. ಆಗ ಆಟೋ ಸಿಕ್ಕಿತು.

"ಇದನ್ನ ಬಾಯಿಗೆ ಹಾಕಿದ್ರಾ? ಯಾರ್ರೀ ಹೇಳಿದ್ದು?" ಸೀಸೆ ನೋಡಿ ದನದ ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು. ಚಿಕ್ಕಪ್ಪ ಮೊಬೈಲು ನೋಡತೊಡಗಿದ. ಅವರು ನನ್ನ ಕಡೆ ತಿರುಗಿದರು. "ಮೊಲದ ಕೀವು ಹಿಂಡಿದ್ರೆ ಹೋಗಲ್ಲ ಪುಟ್ಟಾ. ಗಂಟನ್ನ ಇಡಿಯಾಗಿ ಕೊಯ್ದು ತೆಗೀಬೇಕು. ಈ ಸಿರಪ್ಪಿಗೆ ಹೊಟ್ಟೇಲಿರೋ ಒಳ್ಳೇ ಬ್ಯಾಕ್ಟೀರಿಯಾಗಳೇ ಸತ್ತೋಗಿವೆ."

ಮನೆಗೆ ಬರುವಾಗ ಆಟೋದಲ್ಲಿ, ನನ್ನ ಮಡಿಲಲ್ಲಿ, ಮಿಠಾಯಿ ಸತ್ತಿತು.

ಕಾಲೇಜಿನ ಲ್ಯಾಬಿನಲ್ಲಿ ಒಮ್ಮೆ ಪಾಶ್ಚುರೆಲ್ಲಾ ನೋಡಿದೆ. ಎಷ್ಟೋ ಮೊಲಗಳ ಮೂಗಿನಲ್ಲಿ ತೆಪ್ಪಗಿದ್ದು, ಗಾಯ ಸಿಕ್ಕಲ್ಲಿ ಕೀವು ಕಟ್ಟುವ ಬ್ಯಾಕ್ಟೀರಿಯಾ. ಸ್ಲೈಡಿನ ಮೇಲೆ ಚಿಕ್ಕಚಿಕ್ಕ ಗುಲಾಬಿ ಕಡ್ಡಿಗಳು, ಥೇಟ್ ಸಿರಪ್ಪಿನ ಬಣ್ಣ. ಮಿಠಾಯಿಯ ಗಂಟಿನಲ್ಲಿ ಇದ್ದದ್ದು ಇದೇನೋ, ಬೇರೆಯೋ, ಗೊತ್ತಿಲ್ಲ. ಅವುಗಳ ಮೇಲೆ ನನಗೆ ಕೋಪ ಬರಲಿಲ್ಲ. ಅವನ್ನು ಯಾರೂ ‘ಡಾಕ್ಟ್ರೇ’ ಎಂದು ಕರೆದಿರಲಿಲ್ಲ.

ಆ ಗೋಡೆ ಈಗಿಲ್ಲ. ಅಲ್ಲಿ ಫ್ಲಾಟುಗಳ ಕಾರುಗಳು ನಿಲ್ಲುತ್ತವೆ. ಅದಕ್ಕೆ ನನಗೆ ದುಃಖವಿಲ್ಲ. ಸಲ್ಮಾ ಆಮೇಲೆ ನನ್ನೊಡನೆ ಕುಂಟೆಬಿಲ್ಲೆ ಆಡಲಿಲ್ಲ. ದೊಡ್ಡವರು "ಹಿಡ್ಕೋ" ಎಂದರೆ ಯೋಚಿಸದೆ ಕೈ ಚಾಚುವ ಹುಡುಗಿಯೂ ಆ ಆಟೋದಿಂದ ಇಳಿಯಲಿಲ್ಲ.

ಆ ಮೂರು ರಾತ್ರಿ ಮಿಠಾಯಿ ಗೂಡಿನ ತಗಡನ್ನು ಒದೆಯುತ್ತಲೇ ಇತ್ತು. ಮನೆಯಲ್ಲಿ ಯಾರಿಗೂ ನಿದ್ದೆಯಿರಲಿಲ್ಲ. ಸತ್ತ ಮರುದಿನ ಭಾನುವಾರ. ಚಿಕ್ಕಪ್ಪ ಮೈಮುರಿಯುತ್ತ ಬಂದು, "ಆಹಾ, ಒಳ್ಳೇ ನಿದ್ದೆ ಬಂತು," ಎಂದ. ಎಲ್ಲರೂ ಹೌದೆಂದರು.

ನಾನೂ ನಿದ್ದೆ ಮಾಡಿದ್ದೆ, ಬೆಳಗಿನವರೆಗೂ. ಅದನ್ನು ಇನ್ನೂ ಕ್ಷಮಿಸಲಾಗಿಲ್ಲ.