ಕೊಬ್ಬರಿ ಚೀಲದಲ್ಲಿ ಹೋದ ಕಚೇರಿ

ನಮ್ಮ ಕಡೆಯವರಿಗೆ ಕೊಬ್ಬರಿಯ ವಾಸನೆ ಬರುವುದಿಲ್ಲ. ಹುಟ್ಟಿದಾಗಿನಿಂದ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಒಣಗುವ ಕಾಯಿ, ಅದರ ಕೆಳಗೇ ಊಟ, ನಿದ್ದೆ, ಬಾಣಂತನ. ಮೂಗಿಗೆ ಅದು ಬರೀ ಗಾಳಿಯಾಗಿಬಿಟ್ಟಿರುತ್ತದೆ. ನಾನು ಮಾಡಿದ ತಪ್ಪಿಗೆ ಇದೊಂದು ನೆಪ ಅಂತ ಹೇಳುತ್ತಿಲ್ಲ. ನೆಪ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಆದರೆ ನಡೆದದ್ದನ್ನು ಹೇಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

ಊರು ಯಾವುದೆಂದು ಕೇಳಬೇಡಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಸೀಮೆಯೊಳಗೇ ನನ್ನ ನೌಕರಿಯೆಲ್ಲ ಕಳೆಯಿತು. ಊರಿನ ನೀರು, ದೀಪ, ಕಸ, ಜನನ ಮರಣ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೆ. ಕೊನೆಯ ವರ್ಷಗಳಲ್ಲಿ ದಾಖಲೆ ಕೋಣೆಯ ಜವಾಬ್ದಾರಿ ನನ್ನದು.

ಹಳೆಯ ಕಚೇರಿ ಪೇಟೆಯ ನಡುವೆ ಇತ್ತು. ದಪ್ಪ ಗೋಡೆ, ಮೇಲೆ ಹೆಂಚು, ದಾಖಲೆ ಕೋಣೆಯ ಗೋಡೆಯಲ್ಲೇ ಗೂಡುಗಳು. ಆ ಗೂಡುಗಳಲ್ಲಿ ಕೆಂಪು ಬಟ್ಟೆಯ ಕಟ್ಟುಗಳನ್ನು ಜೋಡಿಸಿಟ್ಟವನು ನಮ್ಮ ಅಟೆಂಡರ್. ನೌಕರಿಗೆ ಸೇರುವ ಮುಂಚೆ ಕೊಬ್ಬರಿ ಮಂಡಿಯಲ್ಲಿ ಚೀಲ ಹೊಲಿಯುತ್ತಿದ್ದ ಮನುಷ್ಯ. ಯಾವ ಕಾಗದ ಕೇಳಿದರೂ ಬೀಡಿ ಆರಿಸಿ ಒಳಗೆ ಹೋಗಿ ಎರಡು ನಿಮಿಷದಲ್ಲಿ ತಂದಿಡುತ್ತಿದ್ದ. ಮಳೆಗೆ ಸೋರುವ ಮೂಲೆ ಯಾವುದು, ಗೆದ್ದಲು ಏಳುವ ಗೂಡು ಯಾವುದು, ಎಲ್ಲ ಅವನಿಗೆ ಗೊತ್ತಿತ್ತು. ವರ್ಷಕ್ಕೊಮ್ಮೆ ಬೇವಿನ ಸೊಪ್ಪು ತಂದು ಕಟ್ಟುಗಳ ನಡುವೆ ಸಿಕ್ಕಿಸುತ್ತಿದ್ದ. ಅದನ್ನು ನೋಡಿ ನಾವು, ಕಚೇರಿಗೂ ಯುಗಾದಿ ಬಂತು ಎಂದು ನಗುತ್ತಿದ್ದೆವು.

ಹೊಸ ಕಟ್ಟಡ ಊರಾಚೆ, ಬೈಪಾಸ್ ರಸ್ತೆಯ ಪಕ್ಕ, ಕೊಬ್ಬರಿ ಗೋದಾಮುಗಳ ಸಾಲಿನ ಕೊನೆಯಲ್ಲಿ ಎದ್ದಿತು. ಮುಂದೆಲ್ಲ ಗಾಜು, ಒಳಗೆಲ್ಲ ಜಾರುವ ಗ್ರಾನೈಟ್. ಹಣವೆಲ್ಲ ಮುಖದ ಅಲಂಕಾರಕ್ಕೇ ಮುಗಿದುಹೋಗಿತ್ತು. ಹಿಂಭಾಗದಲ್ಲಿದ್ದ ದಾಖಲೆ ಕೋಣೆಗೆ ಕಿಟಕಿ ಇಡುವುದನ್ನೇ ಮರೆತಿದ್ದರು. ಕಾಗದ ಜೋಡಿಸಲು ರ್‍ಯಾಕ್ ಬಂದಿರಲಿಲ್ಲ. ಸಾಮಾನು ಸಾಗಿಸಲೆಂದು ತೆಗೆದಿಟ್ಟಿದ್ದ ಹಣ ಉದ್ಘಾಟನೆಯ ಶಾಮಿಯಾನಕ್ಕೂ ಊಟಕ್ಕೂ ಹೋಯಿತು. ಹೋಳಿಗೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ, ನಾನೂ ಎರಡು ತಿಂದೆ.

ಸ್ಥಳಾಂತರಕ್ಕೆ ವಾರವಿದ್ದಾಗ ಸಾಹೇಬರು ನಮ್ಮನ್ನೆಲ್ಲ ಕೂರಿಸಿಕೊಂಡು, "ಪೆಟ್ಟಿಗೆ ತರ್ಸೋಕೆ ದುಡ್ಡಿಲ್ಲ, ಕಾಗದ ಪತ್ರ ಹೆಂಗೆ ಸಾಗ್ಸೋದು ಹೇಳಿ" ಎಂದರು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ನನ್ನ ಬಾಯಿ ಯಾವತ್ತು ಸುಮ್ಮನಿತ್ತು.

"ನಮ್ಮನೆ ಅಟ್ಟದಲ್ಲಿ ಕೊಬ್ಬರಿ ಚೀಲ ಬೇಕಾದಷ್ಟಿವೆ ಸಾರ್. ನಾಳೇನೇ ತರಿಸ್ತೀನಿ ಬಿಡಿ" ಎಂದೆ.

ನಮ್ಮಲ್ಲಿ ಕೊಬ್ಬರಿ ಚೀಲಕ್ಕೆ ಆಗದ ಕೆಲಸವಿಲ್ಲ. ರಾಗಿ ತುಂಬುವುದು ಅದರಲ್ಲಿ, ಕರುವಿಗೆ ಹಾಸುವುದು ಅದನ್ನು. ಮದುವೆಯಾಗಿ ಈ ಮನೆಗೆ ಬಂದಾಗ ನನ್ನ ಪಾತ್ರೆ ಪಡಗ ಬಂದದ್ದೂ ಅದರಲ್ಲೇ. ಕಾಗದ ಮಾತ್ರ ಹಾಕಬಾರದು ಎಂಬ ಯೋಚನೆ ಅಲ್ಲಿದ್ದ ಒಬ್ಬರಿಗೂ ಬರಲಿಲ್ಲ. "ನಿಮ್ಮಂತೋರು ನಾಕ್ ಜನ ಇದ್ರೆ ಸಾಕು ಕಣ್ರೀ ಆಫೀಸಿಗೆ" ಎಂದರು ಸಾಹೇಬರು. ಆ ದಿನವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಚೀಲಗಳು ಬಂದವು. ಅಟೆಂಡರ್ ಒಂದನ್ನು ಎತ್ತಿ ಒಳಗೆ ಮೂಗಿಟ್ಟು ನೋಡಿದ.

"ಅಮ್ಮಾವ್ರೇ, ಒಳ್ಗೆಲ್ಲ ಎಣ್ಣೆ ಕುಡ್ದದೆ. ಇದ್ರಾಗೆ ಕಾಗ್ದ ತುಂಬುದ್ರೆ ಇಲಿಗೆ ನಾವೇ ಲೆಟರ್ ಬರ್ದು ಕರ್ದಂಗೆ ಕಣ್ರೀ" ಎಂದ.

"ಎರಡು ದಿನದ ಮಾತು. ಅಲ್ಲಿಗೆ ಹೋದ ತಕ್ಷಣ ಬಿಚ್ತೀವಿ. ಸುಮ್ನೆ ಹೊಲಿ" ಎಂದೆ. ಮಾತು ಗಡುಸಾಗಿಯೇ ಬಂತು. ನನ್ನ ಚೀಲಕ್ಕೆ ಹೆಸರಿಟ್ಟದ್ದು ನನಗೆ ಸಹಿಸಲಾಗಲಿಲ್ಲ. ಅವನು ದಬ್ಬಣಕ್ಕೆ ಹುರಿ ಪೋಣಿಸಿಕೊಂಡು ಕೂತ.

ಎರಡನೆಯ ದಿನ ಮಧ್ಯಾಹ್ನ ಗುಡಿಸುವಾಕೆ ಬಂದಳು. ಬಸ್ ನಿಲ್ದಾಣದ ಬೀದಿ ಗುಡಿಸಿ, ಆಮೇಲೆ ಬಂದು ನಮ್ಮ ಕಚೇರಿಯನ್ನೂ ಗುಡಿಸುತ್ತಿದ್ದವಳು. ಹುಳಿಯಾರಿನ ಕಡೆಯ ಒಂದು ಹಟ್ಟಿಯಿಂದ ಮದುವೆಯಾಗಿ ಬಂದು, ಬೇಗ ಗಂಡನನ್ನು ಕಳೆದುಕೊಂಡು, ದಿನಗೂಲಿಗೆ ಸೇರಿದವಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ನಾನು ಕಚೇರಿಗೆ ಬಂದ ಕಾಲದಿಂದಲೂ ಅವಳ ಪೊರಕೆಯ ಸದ್ದು ಕೇಳಿದ್ದೇನೆ.

"ಅಕ್ಕ, ನಮ್ಮಂತೋರ್ನ ಕಾಯಂ ಮಾಡ್ತಾರಂತೆ. ಸೇರ್ದಾಗ್ನಿಂದ ನಾನು ಹೆಬ್ಬೆಟ್ಟು ಒತ್ತಿರೋ ಹಾಜರಿ ಪುಸ್ತಕ ತೋರುಸ್ಬೇಕಂತೆ. ಒಸಿ ತೆಗ್ದು ಮಡಗಕ್ಕ" ಎಂದಳು.

ವಿಷಯ ನನಗೂ ಗೊತ್ತಿತ್ತು. ಈಚಿನ ವರ್ಷಗಳ ಹಾಜರಿ ಕಂಪ್ಯೂಟರಿನಲ್ಲಿದೆ, ಹಳೆಯದೆಲ್ಲ ಆ ಪುಸ್ತಕಗಳಲ್ಲಿ ಮಾತ್ರ. ಪುಸ್ತಕ ತೋರಿಸಿದರೆ ಕಾಯಂ, ವಯಸ್ಸಾದ ಮೇಲೂ ತಿಂಗಳಿಗಿಷ್ಟು ಎಂದು ಕೈಗೆ ಬರುತ್ತದೆ. ತೋರಿಸದಿದ್ದರೆ ಅರವತ್ತು ತುಂಬಿದ ದಿನ ಪೊರಕೆ ಕೆಳಗಿಟ್ಟು ಬರಿಗೈಯಲ್ಲಿ ಮನೆಗೆ. ಅವಳಿಗೆ ಮನೆಯಲ್ಲಿ ದುಡಿದು ಹಾಕುವವರು ಯಾರೂ ಇರಲಿಲ್ಲ.

ಆ ಪುಸ್ತಕಗಳ ಕಟ್ಟು ಅರ್ಧ ಗಂಟೆಯ ಹಿಂದಷ್ಟೇ ಒಂದು ಚೀಲದೊಳಗೆ ಹೋಗಿತ್ತು. ಬಾಯಿ ಹೊಲಿದಾಗಿತ್ತು. ಅಟೆಂಡರ್ ಬ್ಲೇಡು ಕೈಗೆ ತಗೊಂಡು, "ಬಿಚ್ಲಾ ಅಮ್ಮಾವ್ರೇ? ಐದ್ ನಿಮ್ಷದ ಕೆಲ್ಸ" ಎಂದ.

"ಬೇಡ ಬಿಡು, ಪಟ್ಟಿ ಬರೆದು ಸಾಹೇಬರ ಸಹಿ ಆಗಿದೆ" ಎಂದು ಅವನನ್ನು ತಡೆದು, ಅವಳ ಕಡೆ ತಿರುಗಿ, "ಹೊಸ ಕಟ್ಟಡಕ್ಕೆ ಹೋದ ತಕ್ಷಣ ಮೊದಲು ನಿಂದೇ ತೆಗೀತೀನಿ ಕಣೇ" ಎಂದೆ.

ಅವಳು ತಲೆಯಾಡಿಸಿದಳು. ಸೆರಗಿನ ತುದಿ ಹಳೆಯದಾಗಿ ಎಳೆ ಬಿಟ್ಟಿತ್ತು. ಅದರಿಂದ ಹಸಿರು ಚೂರೊಂದನ್ನು ಹರಿದು ಚೀಲದ ಹೊಲಿಗೆಗೆ ಗಂಟು ಹಾಕಿದಳು. "ಗುರ್ತಿಗೆ ಇರ್ಲಿ" ಎಂದು ಪೊರಕೆ ತಗೊಂಡು ಹೊರಟಳು.

ಟ್ರ್ಯಾಕ್ಟರುಗಳು ಬಂದು ಎರಡು ದಿನ ಸಾಗಿಸಿದವು. ಕೊನೆಗೆ ದಾಖಲೆ ಕೋಣೆಗೆ ಬೀಗ ಹಾಕಲು ಹೋದಾಗ ಗೂಡುಗಳೆಲ್ಲ ಬಾಯಿ ತೆರೆದು ನಿಂತಿದ್ದವು. ನೆಲದ ತುಂಬ ಒಣಗಿದ ಬೇವಿನ ಎಲೆ. ಅಟೆಂಡರ್ ಅದನ್ನು ಬಳಿದು ಟವಲಿನಲ್ಲಿ ಗಂಟು ಕಟ್ಟಿಕೊಂಡ. ಇಷ್ಟು ವರ್ಷದ ಕಾಗದ ಒಂದೇ ಸಲ ಜಾಗ ಬಿಟ್ಟಿತ್ತು. ಬೀಗ ಹಾಕಿ ಎರಡು ಸಲ ಎಳೆದು ನೋಡಿದೆ.

ಹೊಸ ಕಟ್ಟಡದ ಬಾಗಿಲಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರ ಇಟ್ಟಿದ್ದರು. ನಾವು ಒತ್ತಿದರೆ ಹಸಿರು ದೀಪ. ಗುಡಿಸುವಾಕೆ ಒತ್ತಿದರೆ ಒಳಗಿನಿಂದ ಒಂದು ಹೆಣ್ಣುದನಿ "ಮತ್ತೆ ಪ್ರಯತ್ನಿಸಿ" ಎನ್ನುತ್ತಿತ್ತು. ಪೊರಕೆ ಹಿಡಿದು ಹಿಡಿದು ಅವಳ ಬೆರಳಿನ ಗೆರೆಗಳು ಸವೆದುಹೋಗಿದ್ದವು. ದಿನಾ ಬೆಳಿಗ್ಗೆ ನಾಲ್ಕೈದು ಸಲ ಒರೆಸಿ ಒರೆಸಿ ಒತ್ತುತ್ತಿದ್ದಳು.

"ನನ್ ಗುರ್ತೇ ಹತ್ತಕಿಲ್ಲ ಇದ್ಕೆ. ಆ ಪುಸ್ತಕದಾಗಿರೋ ಹೆಬ್ಬೆಟ್ಟೇ ಗತಿ ಕಣಕ್ಕ" ಎಂದು ನಕ್ಕಳು. ನಾನೂ ನಕ್ಕೆ.

ರ್‍ಯಾಕ್ ಬರಲಿಲ್ಲ. ಈ ತಿಂಗಳು, ಮುಂದಿನ ತಿಂಗಳು ಎಂದು ಬೇಸಿಗೆ ಕಳೆದು ಮಳೆ ಹಿಡಿಯಿತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಚೀಲಗಳು ಒಂದರ ಮೇಲೊಂದು ಸೂರಿನವರೆಗೆ ಬಿದ್ದಿದ್ದವು. ಹಸಿರು ಚೂರಿನ ಚೀಲ ಗೋಡೆಯ ಕಡೆ, ಎಲ್ಲಕ್ಕಿಂತ ಕೆಳಗೆ. ಬಾಗಿಲಲ್ಲಿ ನಿಂತು ಬಗ್ಗಿದರೆ ಗಂಟು ಕಾಣುತ್ತಿತ್ತು. ವಾರಕ್ಕೊಮ್ಮೆ ಅವಳು ಬಂದು ಬಗ್ಗಿ ನೋಡಿ, ಏನೂ ಕೇಳದೆ ನನ್ನ ಮುಖ ನೋಡಿ ಹೋಗುತ್ತಿದ್ದಳು. ಕೇಳಿದ್ದರೆ ಬೈದಾದರೂ ಬಿಡುತ್ತಿದ್ದೆ.

ಮೊದಲು ಕಂಡದ್ದು ಪುಡಿ. ಚೀಲಗಳ ಬುಡದಲ್ಲಿ ಕಂದು ಬಣ್ಣದ ಸಣ್ಣ ಪುಡಿ, ಹುರಿಹಿಟ್ಟು ಚೆಲ್ಲಿದ ಹಾಗೆ. ಗುಡಿಸಿದರೆ ಮರುದಿನ ಮತ್ತೆ ಅಷ್ಟೇ. ಅದರ ನಡುವೆ ಕಪ್ಪು ಹಿಕ್ಕೆ. ಆಮೇಲೆ ಸದ್ದು. ಊಟದ ಹೊತ್ತಿಗೆ ಎಲ್ಲರೂ ಎದ್ದುಹೋಗಿ ಫ್ಯಾನು ನಿಂತ ಮೇಲೆ, ಕೋಣೆಯೊಳಗಿನಿಂದ ಚರಚರ, ಚರಚರ. ಒಂದು ದಿನ ಬಾಗಿಲಿಗೆ ಕಿವಿಯಿಟ್ಟೆ. ಸದ್ದು ನಿಂತಿತು. ಕಿವಿ ತೆಗೆದೆ, ಮತ್ತೆ ಶುರುವಾಯಿತು.

ಬಳ್ಳಾರಿ ಕಡೆಯಿಂದ ವರ್ಗವಾಗಿ ಬಂದ ಇಂಜಿನಿಯರ್ ಒಬ್ಬರು ಕೋಣೆಯ ಮುಂದೆ ಹಾಯುವಾಗ ಕರವಸ್ತ್ರ ಮೂಗಿಗಿಟ್ಟರು. "ಏನ್ರಿ ಮೇಡಂ, ಕೆಟ್ಟ ಎಣ್ಣಿ ವಾಸನಿ ಐತಲ್ರಿ ಇಲ್ಲಿ" ಎಂದರು. ನಾನು ಎದೆ ತುಂಬ ಗಾಳಿ ಎಳೆದುಕೊಂಡೆ. ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದೆ. ಏನೂ ಇಲ್ಲ. ಆ ಹೊತ್ತಿಗೆ ನನಗೆ ನಿಜವಾಗಿ ಹೆದರಿಕೆಯಾಯಿತು.

ಆ ಮಳೆಗಾಲದಲ್ಲೇ ಅಟೆಂಡರ್ ನಿವೃತ್ತನಾದ. ಹಾರ ಹಾಕಿಸಿಕೊಂಡು, ಕಾಫಿ ಕುಡಿದು, ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತ. "ಆ ಹಸ್ರು ಗಂಟಿನ ಚೀಲ ಒಂದ್ನಾದ್ರೂ ತೆಗ್ಸಿ ಅಮ್ಮಾವ್ರೇ. ನಾ ಬತ್ತೀನಿ" ಎಂದ.

ಸಾಹೇಬರನ್ನು ಒಂದು ಸಲ ಕೇಳಿದೆ. "ರ್‍ಯಾಕ್ ಬರ್ಲಿ ತಡೀರಿ, ಈಗ ಎಳದ್ರೆ ಎಲ್ಲಾ ಕಲಸ್ಹೋಗ್ತದೆ" ಎಂದರು. ಎರಡನೆಯ ಸಲ ಕೇಳಲಿಲ್ಲ. ಬಾಯಿ ಜೋರು ಎಂದು ಊರೆಲ್ಲ ಹೆಸರಾದವಳು ನಾನು. ಜಗಳವಾಡಿ ಆ ಚೀಲ ತೆಗೆಸಬಹುದಿತ್ತು. ತೆಗೆಸಲಿಲ್ಲ. ಬಿಚ್ಚಿದರೆ ಏನು ಕಾಣುತ್ತದೋ ಎಂಬ ಭಯ. ಚೀಲ ನನ್ನ ಮನೆಯವು. ನಾಚಿಕೆಯಾಗುತ್ತದೆ ಇದನ್ನು ಬರೆಯಲು, ಆದರೆ ಇದ್ದದ್ದು ಅದೇ.

ಕೊನೆಗೆ ಮೇಲಿನಿಂದ ಪತ್ರ ಬಂತು. ಕಾಯಂ ಆಗಬೇಕಾದವರ ಪಟ್ಟಿ, ದಾಖಲೆ ಸಮೇತ, ಒಂದು ವಾರದೊಳಗೆ. ಆಗ ಸಾಹೇಬರೇ ಓಡಿಬಂದು ಕೂಲಿಯವರನ್ನು ಕರೆಸಿದರು. ಚೀಲಗಳನ್ನು ಒಂದೊಂದಾಗಿ ಹೊರಗೆಳೆದರು. ಗುಡಿಸುವಾಕೆ ಪೊರಕೆ ಹಿಡಿದು ಬಾಗಿಲ ಪಕ್ಕ ನಿಂತಿದ್ದಳು. ಹಸಿರು ಗಂಟಿನ ಚೀಲ ಬಂದಾಗ ಅವಳೇ ಮುಂದೆ ಬಂದು ಕೈ ಹಾಕಿದಳು.

ಚೀಲ ಹಗುರವಾಗಿತ್ತು. ಒಬ್ಬಳೇ ಎತ್ತಿದಳು. ಇಬ್ಬರು ಸೇರಿ ಟ್ರ್ಯಾಕ್ಟರಿಗೆ ಹಾಕಿದ್ದ ಚೀಲ ಅದು.

ಬ್ಲೇಡಿನಲ್ಲಿ ಹೊಲಿಗೆ ಕೊಯ್ದೆ. ಒಳಗೆ ಕಾಗದದ ಚೂರು, ಬೆರಳ ತುದಿಯಷ್ಟಷ್ಟು, ಹತ್ತಿಯ ಹಾಗೆ ಮೆತ್ತಗೆ. ಅದರ ನಡುವೆ ಗೂಡು ಮಾಡಿಕೊಂಡು ಕಣ್ಣು ಬಿಡದ ಇಲಿ ಮರಿಗಳು ಮಲಗಿದ್ದವು. ಮೊದಲ ವರ್ಷಗಳ ಪುಸ್ತಕಗಳಲ್ಲಿ ಉಳಿದದ್ದು ರಟ್ಟು ಮಾತ್ರ. ಆಮೇಲಿನವು ಉಳಿದಿದ್ದವು, ಆದರೆ ಎಣ್ಣೆ ಕುಡಿದು ಹಾಳೆಗಳು ಗಾಜಿನಂತಾಗಿದ್ದವು. ಹಿಂದಿನ ಹಾಳೆ ಮುಂದಿನದರೊಳಗೆ ಕಾಣುತ್ತಿತ್ತು. ಹೆಸರಿನ, ಹೆಬ್ಬೆಟ್ಟಿನ ಮಸಿಯೆಲ್ಲ ಹರಡಿ, ಸಾಲು ಸಾಲು ನೀಲಿ ಕಲೆ. ಯಾರದು ಯಾವುದೆಂದು ದೇವರೂ ಹೇಳಲಾರ.

ಅವಳು ಕುಕ್ಕರಗಾಲಲ್ಲಿ ಕೂತು ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದಳು. "ಇದು ನಂದೇ ಇರ್ಬೇಕು ಕಣಕ್ಕ" ಎಂದಳು. ಆಮೇಲೆ ಇನ್ನೊಂದು ಕಲೆ ತೋರಿಸಿ, "ಇಲ್ಲ, ಇದಿರ್ಬೇಕು" ಎಂದಳು.

ನಾನು ಅತ್ತೆ. ಕಚೇರಿಯಲ್ಲಿ ಅವತ್ತೇ ಮೊದಲು. ಅವಳು ಅಳಲಿಲ್ಲ. ಮರಿಗಳನ್ನು ಮೊರಕ್ಕೆ ಹಾಕಿಕೊಂಡು ಹಿಂದಿನ ಬಯಲಿಗೆ ಬಿಟ್ಟುಬಂದು, ಚೂರುಗಳನ್ನೆಲ್ಲ ಗುಡಿಸಿದಳು. ಅಭ್ಯಾಸಬಲದಲ್ಲಿ ಮೂಲೆಯನ್ನೂ ಬಿಡದೆ ಗುಡಿಸಿದಳು.

ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಅವಳ ಅರ್ಜಿಗೆ ಉತ್ತರ ಕೊಡಬೇಕಾದವಳು ನಾನೇ. ಅವಳು ಗುಡಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದು ಬರೆದರೆ ನಡೆಯುವುದಿಲ್ಲ, ಕಾಗದ ಬೇಕು. ಮೂರು ಸಲ ಬೇರೆ ಬೇರೆ ರೀತಿ ಬರೆದು ಸಾಹೇಬರ ಮುಂದಿಟ್ಟೆ. ಮೂರನ್ನೂ ಹೊಡೆದುಹಾಕಿ ಒಂದೇ ಸಾಲು ಬರೆಸಿದರು: ಅರ್ಜಿದಾರರು ಹಿಂದಿನ ವರ್ಷಗಳಲ್ಲಿ ಕೆಲಸ ನಿರ್ವಹಿಸಿದ ಬಗ್ಗೆ ಈ ಕಚೇರಿಯಲ್ಲಿ ಯಾವುದೇ ದಾಖಲೆ ಲಭ್ಯವಿರುವುದಿಲ್ಲ.

ಕರೆಸಿ ಓದಿ ಹೇಳಿದೆ. ಗಲಾಟೆ ಮಾಡಲಿ, ನಿನ್ನ ಚೀಲದಿಂದ ಹಿಂಗಾಯ್ತು ಅನ್ನಲಿ ಎಂದು ಕಾದೆ. "ನೀನೇನ್ ಬೇಕೂಂತ ಮಾಡಿದ್ಯಾ, ಬುಡಕ್ಕ" ಎಂದಳು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಪತ್ರ ತಲುಪಿದೆ ಎಂದು ಕಚೇರಿಯ ಪ್ರತಿಯ ಮೇಲೆ ಅವಳ ಗುರುತು ಬೇಕಿತ್ತು. ಮಸಿಯ ಡಬ್ಬಿ ತೆರೆದೆ. ಅವಳು ಒತ್ತಿದಳು, ಮೂಡಲಿಲ್ಲ. ಸೆರಗಿನಿಂದ ಒರೆಸಿಕೊಂಡು ಮತ್ತೆ ಒತ್ತಿದಳು, ಬರೀ ಮಸುಕು. ಆಗ ನಾನೇ ಅವಳ ಹೆಬ್ಬೆಟ್ಟನ್ನು ನನ್ನ ಎರಡು ಬೆರಳಲ್ಲಿ ಹಿಡಿದು, ಮಸಿಗೆ ಹಚ್ಚಿ, ಆ ಸಾಲಿನ ಕೆಳಗೆ ಗಟ್ಟಿಯಾಗಿ ಒತ್ತಿದೆ. ಸವೆದು ಉಳಿದಿದ್ದ ಒಂದೊಂದು ಗೆರೆಯೂ ಕಾಣುವಂತೆ ಮೂಡಿತು.

ಮುಂದಿನ ತಿಂಗಳು ರ್‍ಯಾಕ್ ಬಂತು. ಹೊಸ ಕೋಣೆಯಲ್ಲಿ, ಹೊಸ ರಟ್ಟಿನೊಳಗೆ, ನಾನು ಮೊದಲು ಜೋಡಿಸಿಟ್ಟ ಕಾಗದ ಅದೇ. ಅದು ಭದ್ರವಾಗಿದೆ.