ನಾನು ಚಹಾ ಕುಡಿದರೆ ಅಲ್ಲಾಡುವ ತುಟಿ

ನಾನು ಚಹಾ ಕುಡಿದರೆ ನನ್ನ ಹೆಂಡತಿಯ ತುಟಿ ಅಲ್ಲಾಡುತ್ತಿತ್ತು. ಟವೆಲ್ಲು ಸುತ್ತಿಕೊಂಡರೂ ಅಲ್ಲಾಡುತ್ತಿತ್ತು. ಗಾಡಿಗೆ ಕಿಕ್ ಹೊಡೆಯುವಾಗ ಬಾಗಿಲಲ್ಲಿ ನಿಂತು ಏನೋ ಗುಣುಗುಣು. ತಿರುಗಿ ನೋಡಿದರೆ ಗಪ್ಪು.

ನಾನು ಗೌಂಡಿ. ಶಹಾಪುರದ ಸುತ್ತ ಎಷ್ಟೋ ಮನೆಗಳ ಗೋಡೆ ನಾನು ಎಬ್ಬಿಸಿದವು. ನಾನೇ ಕಟ್ಟಿದ ಗೋಡೆಯನ್ನೂ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೆಟ್ಟಗಿದೆಯೇ ಎಂದು ನೋಡದೆ ನಂಬಿದವನಲ್ಲ. ಈ ತುಟಿಯನ್ನು ಹೇಗೆ ನಂಬಲಿ?

ಅವಳು ಇಂಗ್ಲಿಷ್ ಕಲಿಯುತ್ತಿದ್ದುದು ಗೊತ್ತಿತ್ತು. ನಾಲ್ಕು ಮಾತು ತಪ್ಪಿಲ್ಲದೆ ಆಡಿದರೆ ಸಣ್ಣ ಮಕ್ಕಳಿಗೆ ಟೀಚರ್ ಮಾಡಿಕೊಳ್ಳುತ್ತೇವೆ ಎಂದು ಊರಿನ ಒಂದು ಇಂಗ್ಲಿಷ್ ಶಾಲೆಯವರು ಹೇಳಿದ್ದರು. ಅದಕ್ಕಾಗಿ ಹಿಂದಿನ ಓಣಿಯ ರಿಟೈರ್ಡ್ ಮೇಡಂ ಮನೆಗೆ ಮಧ್ಯಾಹ್ನ ಹೋಗುತ್ತಿದ್ದಳು. ಬೋನಾಳದವಳು, ಪಿಯುಸಿ ಪಾಸು. ನಾನು ಐದನೆಯ ತರಗತಿಗೇ ಚೀಲ ಬಿಸಾಕಿ ಕಾಕಾನ ಹಿಂದೆ ಗಾರೆ ಹೊತ್ತವನು. ಅದರ ನಾಚಿಕೆ ನನಗಿಲ್ಲ, ದುಡಿದು ತಿಂದಿದ್ದೇನೆ. ಆದರೆ ಹತ್ತು ಜನರ ಬಾಯಲ್ಲಿ ‘ಮಿಸ್’ ಎನಿಸಿಕೊಂಡ ಮೇಲೆ ಅವಳ ಕಣ್ಣಲ್ಲಿ ನಾನು ಎಷ್ಟು ಉಳಿದೇನು? ಆ ತುಟಿ ಈಗಲೇ ನನ್ನನ್ನು ಅಳೆಯುತ್ತಿದೆ ಎನಿಸುತ್ತಿತ್ತು.

“ಏನದು ಗುಣುಗುಣು?” ಎಂದೆ ಒಂದು ದಿನ.

“ಏನಿಲ್ರಿ, ಪಾಠ.”

“ನನ್ನ ಮಾರಿ ನೋಡಿದ್ರ ಪಾಠ ನೆನಪಾಗ್ತದೇನು?”

ಬಾಯಿಗೆ ಸೆರಗಿಟ್ಟು ನಕ್ಕಳು. ಆ ನಗೆಯಿಂದ ಸಂಶಯ ಇನ್ನೂ ಬಲಿಯಿತು.

ಕೆಂಭಾವಿಯಲ್ಲಿ ನಾನು ಕಟ್ಟುತ್ತಿದ್ದ ಮನೆಗೆ ಉಸುಕು ಬಾರದೆ ಕೆಲಸ ನಿಂತ ದಿನ ಮಧ್ಯಾಹ್ನ ನೇರ ಮೇಡಂ ಓಣಿಗೆ ಗಾಡಿ ತಿರುಗಿಸಿದೆ. ಅವರ ಕಂಪೌಂಡ್ ಗೋಡೆಗೆ ಮೆತ್ತಿದ ಗಿಲಾವು ಉಬ್ಬಿತ್ತು. ಅದನ್ನು ನೋಡುತ್ತ ನಿಂತೆ. ಕಿಟಕಿ ತೆರೆದಿತ್ತು.

“ಮೈ ಹಸ್ಬೆಂಡ್ ಗೆಟ್ ಅಪ್. ದೇ ಡ್ರಿಂಕ್ ಟೀ. ದೇ ಗೋ ಟು ಕೆಂಭಾವಿ.” ನನ್ನ ಹೆಂಡತಿಯ ದನಿ. ಟೀ, ಕೆಂಭಾವಿ ಎಂದ ಮೇಲೆ ನನ್ನದೇ ಸುದ್ದಿ.

“ಏ ತಂಗಿ, ನಿನಗ ಎಷ್ಟ್ ಮಂದಿ ಗಂಡಂದಿರದಾರ?” ಎಂದರು ಮೇಡಂ. ಪಾಠಕ್ಕೆ ಬಂದಿದ್ದ ಹೆಂಗಸರೆಲ್ಲ ನಕ್ಕರು.

“ಒಬ್ರೇ ಅದಾರ್ರಿ!”

“ಒಬ್ಬ ಇದ್ರ ‘ಹಿ’ ಅನ್ಬೇಕು. ಹಿ ಡ್ರಿಂಕ್ಸ್, ಹಿ ಗೋಸ್. ‘ದೇ’ ಅಂದ್ರ ಹಿಂಡು ಆತು. ಮನ್ಯಾಗ ಗಂಡ ಏನ್ ಮಾಡಿದ್ರೂ ನೋಡಿ ಹಂಗ ಅನ್ಕೋತ ಇರು ಅಂತ ಹೇಳಿದ್ದಿಲ್ಲೇನು ನಾ?”

“ಅಂತೀನ್ರಿ. ಆದ್ರ ಹಿ ಅಂದ್ರ ‘ಅಂವ’ ಅಂದಂಗ ಆಗ್ತದಲ್ರಿ. ಮನಿಯವ್ರಿಗಿ ಅಂವ ಅನ್ನಾಕ ನಾಲಿಗಿ ಹೊಳ್ಳವಲ್ದ್ರಿ.”

“ಇಂಗ್ಲಿಷಿನ್ಯಾಗ ಕಲೆಕ್ಟರ್ ಸಾಹೇಬನೂ ಹಿನೇ!”

“ಸಾಹೇಬ್ರಿಗಿ ಬೇಕಾದ್ರ ಅಂತೀನ್ರಿ. ಇವ್ರಿಗಿ ಅನ್ನಂಗಿಲ್ಲ.”

“ಹಂಗಾದ್ರ ಸೋಮವಾರ ಇಂಟರ್ವ್ಯೂದಾಗ ಶಾಲಿಯವ್ರು ಹಿಂದ ಕಳಿಸ್ತಾರ. ಮೊದಲ ಕೇಳಾದೇ ಮನಿ ಮಂದಿ ಬಗ್ಗೆ.”

ಸಂಜೆ ಅವಳು ಚಹಾ ತಂದಿಟ್ಟಾಗ ಹೇಳಿದೆ, “ಮೇಡಂ ಕಂಪೌಂಡ್ ಗಿಲಾವು ನೋಡಾಕ ಹೋಗಿದ್ದೆ. ಮಾತು ಕಿವಿಗಿ ಬಿತ್ತು. ನನಗ ಹಿ ಅನ್ನು.”

“ಬ್ಯಾಡ್ರಿ, ಬೈದಂಗ ಆಗ್ತದ.”

“ಬಾಜೂ ಮನ್ಯಾವನ್ನ ನೋಡಿ ಅನ್ನು, ಹಂಗಾದ್ರ.”

“ಮಂದಿ ಗಂಡಸರ್ನ ನೋಡ್ಕೋತ ಕೂಡ್ಲೇನು?”

ಕಪ್ಪು ಎತ್ತಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿ, ಕಣ್ಣು ಮುಚ್ಚಿ, “ಹಿ ಡ್ರಿಂಕ್ಸ್ ಟೀ” ಎಂದಳು. ಅವಳಿಗೆ ರೂಢಿಯಾಗಲೆಂದು ಎದ್ದೆ, ಕೂತೆ, ಅಂಗಿ ತೊಟ್ಟು ಬಿಚ್ಚಿದೆ. ಖಾಲಿ ಕಪ್ಪನ್ನೇ ಮತ್ತೆ ಬಾಯಿಗಿಟ್ಟೆ. ಬರಬರುತ್ತ ಅವಳ ದನಿ ಗಟ್ಟಿಯಾಯಿತು.

ಕಪ್ಪು ತೆಗೆದುಕೊಂಡು ಹೋಗುವಾಗ, “ಮಧ್ಯಾಹ್ನ ನಿಮ್ಮ ಗಾಡಿ ಸಪ್ಪಳ ಕೇಳಿತ್ರಿ” ಎಂದಳು.

ಹಾಗಾದರೆ ‘ಇವ್ರಿಗಿ ಅನ್ನಂಗಿಲ್ಲ’ ಎಂದಿದ್ದು ಮೇಡಂಗೋ, ಕಿಟಕಿಯ ಹೊರಗಿದ್ದ ನನಗೋ?

ಸೋಮವಾರ ಅವಳನ್ನು ತೆಗೆದುಕೊಂಡರು. ಮನೆಗೆ ಬಂದವಳನ್ನು ಬಾಗಿಲಲ್ಲೇ ತಡೆದೆ. “ನನ್ನ ಬಗ್ಗೆ ಏನಂದಿ?”

“ಹಿ ಬಿಲ್ಡ್ಸ್ ಹೌಸಸ್.”

“ಅಂದ್ರ?”

“ಮನಿ ಕಟ್ತಾರ ಅಂತ.”

ಕಟ್ತಾನ ಅನ್ನಲಿಲ್ಲ, ಕಟ್ತಾರ ಎಂದಳು. ಕಿವಿಗೊಟ್ಟೇ ಕೇಳಿದ್ದೇನೆ. ಈಗಲೂ ನಾನು ಗಾಡಿಗೆ ಕಿಕ್ ಹೊಡೆಯುವಾಗ ಅವಳ ತುಟಿ ಅಲ್ಲಾಡುತ್ತದೆ. ನೌಕರಿ ಸಿಕ್ಕಾಯಿತು, ಇನ್ನೂ ಯಾಕೆ?